ಸಂಗೀತ ಕೋಣೆಯ ಗಂಟೆಗೆ, ಹನ್ನೊಂದು ಸೆಕೆಂಡುಗಳ ಬಗ್ಗೆ

ಇವರಿಗೆ,
ಸನ್ಮಾನ್ಯ ವಿದ್ಯುತ್ ಗಂಟೆಯವರು,
ಸಂಗೀತ ಕೋಣೆಯ ಬಾಗಿಲ ನೆತ್ತಿ,
ಮೊದಲನೇ ಮಹಡಿ, ನಮ್ಮ ಶಾಲೆ.

ವಿಷಯ: ತಾವು ಒಂದು ವರ್ಷದಿಂದ ನನ್ನ ತಲೆಯ ಮೇಲೆ ಕುಳಿತು ಸಲ್ಲಿಸುತ್ತಿರುವ ಸೇವೆಯ ಬಗ್ಗೆ ದೂರು, ಜೊತೆಗೆ, ಬೇಡವೆಂದರೂ ನುಸುಳಿಬಂದ ಒಂದು ತಪ್ಪೊಪ್ಪಿಗೆ.

ಮಾನ್ಯರೇ,

ಅನೇಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಪತ್ರ ಬರೆಯುವವರ ಪದ್ಧತಿ. ಆದರೆ ತಮ್ಮ ಕ್ಷೇಮಸಮಾಚಾರವು ದಿನಕ್ಕೆ ಎಂಟು ಸಲ, ಒಂದೊಂದು ಸಲಕ್ಕೆ ಹನ್ನೊಂದು ಸೆಕೆಂಡಿನಂತೆ, ಈ ಕಟ್ಟಡಕ್ಕೂ ಎದುರಿನ ದರ್ಜಿ ಅಂಗಡಿಗೂ ಅದರಾಚೆಯ ಬಸ್ ನಿಲ್ದಾಣಕ್ಕೂ ತಪ್ಪದೇ ತಲುಪುತ್ತಿರುವುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ. ನನ್ನ ಕ್ಷೇಮದ ಬಗ್ಗೆ ತಾವು ಕೇಳುವವರಲ್ಲ, ಆದರೂ ಹೇಳುತ್ತೇನೆ: ಬಲಗಿವಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ತಮಗೆ ಬಾಯಿ ಇದೆ, ಕಿವಿ ಇಲ್ಲ ಎಂದು ತಮ್ಮನ್ನು ಗೋಡೆಗೆ ಜೋಡಿಸಿದ ಎಲೆಕ್ಟ್ರಿಷಿಯನ್ನರೇ ತಿಳಿಸಿದ್ದರಿಂದ, ಹೇಳಬೇಕಾದದ್ದನ್ನು ಬರೆದು ತಮ್ಮ ಕೆಳಗಿರುವ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ಹೋಗುವವರು ಬರುವವರು ಓದಿದರೆ ಓದಲಿ, ನನ್ನ ಅಭ್ಯಂತರವಿಲ್ಲ.

ತಾವು ಯಾರ ಬಾಗಿಲ ಮೇಲೆ ಕುಳಿತಿದ್ದೀರೋ ಆ ಸಂಗೀತದ ಟೀಚರ್ ನಾನು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೋಣೆಯಲ್ಲಿ, ಎರಡು ಗುಂಡಿ ಒತ್ತಿದರೆ ಮೂರು ಸ್ವರ ಬರುವ ಒಂದು ಕೀಬೋರ್ಡು, ಆರು ಕೊಳಲು, ಚರ್ಮ ಸಡಿಲಾದ ಒಂದು ಡ್ರಮ್ಮು ಮತ್ತು ವರ್ಷವರ್ಷವೂ ಬದಲಾಗುವ ಮಕ್ಕಳ ಗಂಟಲುಗಳನ್ನು ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದೇನೆ. ಮಂಗಳವಾರ ಮತ್ತು ಗುರುವಾರ ಏಳನೆಯ, ಎಂಟನೆಯ ಪೀರಿಯಡ್ಡುಗಳೆರಡೂ ಸೇರಿ ಸಮೂಹಗಾನದ ಅಭ್ಯಾಸಕ್ಕೆ ಮೀಸಲು. ಆರು ತರಗತಿಗಳಿಂದ ಮೂವತ್ತಾರು ಮಕ್ಕಳು ಬಂದು ಮೂರು ಸಾಲಾಗಿ ನಿಲ್ಲುತ್ತಾರೆ. ಆ ಎರಡು ಪೀರಿಯಡ್ಡುಗಳ ನಟ್ಟನಡುವೆ, ಮೂರು ಗಂಟೆ ಹತ್ತು ನಿಮಿಷಕ್ಕೆ, ನಮ್ಮನ್ನು ಯಾರೂ ಎಲ್ಲಿಗೂ ಕರೆಯದಿರುವಾಗ, ತಾವು ಬಾಯಿ ತೆರೆಯುತ್ತೀರಿ. ನನ್ನ ದೂರಿನ ಬೇರು ಇಲ್ಲಿದೆ.

ತಮಗಿಂತ ಮೊದಲು ಈ ಕೆಲಸವನ್ನು ಮಾಡುತ್ತಿದ್ದವರ ಬಗ್ಗೆ ತಮಗೆ ಯಾರೂ ಹೇಳಿರಲಾರರು. ಅವರು ನಮ್ಮ ಅಟೆಂಡರು, ಮಕ್ಕಳಿಂದ ಹಿಡಿದು ನಮ್ಮ ತನಕ ಎಲ್ಲರಿಗೂ ಗಂಟೆಯಣ್ಣ. ಮೆಟ್ಟಿಲ ಪಕ್ಕದಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡಿಗೆ ಕಬ್ಬಿಣದ ಸರಳಿನಿಂದ ಹೊಡೆಯುವುದು ಅವರ ಕೆಲಸ. ಆದರೆ ಹೊಡೆಯುವ ಮೊದಲು ಮೆಟ್ಟಿಲು ಹತ್ತಿ ಬಂದು, ನನ್ನ ಕಿಟಕಿಯಲ್ಲಿ ಒಮ್ಮೆ ಇಣುಕಿ, ಹಾಡು ನಡೆಯುತ್ತಿದ್ದರೆ ಸರಳನ್ನು ಬೆನ್ನ ಹಿಂದೆ ಹಿಡಿದು ಅಲ್ಲೇ ನಿಲ್ಲುತ್ತಿದ್ದರು. ಕೊನೆಯ ಸಾಲು ಮುಗಿದು, ನಾನು ಕೀಬೋರ್ಡಿನಿಂದ ಕೈ ತೆಗೆದು, ಮಕ್ಕಳು ಉಸಿರು ಬಿಟ್ಟ ಮೇಲೆ ಕೆಳಗಿಳಿದು ಹೋಗಿ ಹೊಡೆಯುತ್ತಿದ್ದರು. ಈ ಉಪಕಾರಕ್ಕೆ ನಾನು ಒಮ್ಮೆಯೂ ಥ್ಯಾಂಕ್ಸ್ ಹೇಳಿರಲಿಲ್ಲವೆಂಬುದು ತಾವು ಬಂದ ಮೇಲೆ ನೆನಪಾಯಿತು.

ಈ ಕಾಯುವಿಕೆಯಿಂದ ಶಾಲೆಗೆ ದಿನಕ್ಕೆ ಎರಡು ನಿಮಿಷ ನಷ್ಟವಾಗುತ್ತಿದೆಯೆಂದು ಕಂಡುಹಿಡಿದವರು ನಮ್ಮ ಗಣಿತದ ಮೇಷ್ಟ್ರು. ಅವರು ಕೆಟ್ಟವರಲ್ಲ, ಲೆಕ್ಕದ ವಿಷಯಕ್ಕೆ ಬಂದರೆ ಮಾತ್ರ ಹಿಡಿದ ಪಟ್ಟು ಬಿಡುವವರಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, "ದಿನಕ್ಕೆರಡು ನಿಮಿಷ ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಇನ್ನೂರ ಇಪ್ಪತ್ತು ದಿನಕ್ಕೆ ಏಳು ಗಂಟೆ ಇಪ್ಪತ್ತು ನಿಮಿಷ ಆಗುತ್ತೆ. ಒಂದಿಡೀ ದಿನದ ಪಾಠ ಹೋಯ್ತು," ಎಂದರು. ಹಳೆಯ ವಿದ್ಯಾರ್ಥಿಗಳ ಸಂಘದವರು ತಮ್ಮನ್ನು ಕಾಣಿಕೆಯಾಗಿ ಕೊಟ್ಟರು, ಸ್ವಿಚ್ ಬೋರ್ಡು ಇದ್ದ ಏಕೈಕ ಗೋಡೆ ನನ್ನದಾಗಿದ್ದರಿಂದ ತಾವು ನನ್ನ ಪಾಲಿಗೆ ಬಂದಿರಿ, ತಾವು ಕೂಗುವ ಹೊತ್ತನ್ನು ಹೊಂದಿಸುವ ಪೆಟ್ಟಿಗೆಯ ಕೀಲಿ ಗಣಿತದ ಮೇಷ್ಟ್ರ ಜೇಬು ಸೇರಿತು, ಗಂಟೆಯಣ್ಣನನ್ನು ಗಿಡಗಳಿಗೆ ನೀರು ಹಾಕಲು ಹಾಕಿದರು. ಇಂದಿಗೂ ಅವರು ಪೀರಿಯಡ್ ಮುಗಿಯುವ ಹೊತ್ತಿಗೆ ಪೈಪು ಹಿಡಿದುಕೊಂಡೇ ನನ್ನ ಕಿಟಕಿಯತ್ತ ತಲೆಯೆತ್ತಿ ನೋಡುತ್ತಾರೆ, ಅಷ್ಟರಲ್ಲಿ ಒಂದೇ ಗಿಡಕ್ಕೆ ನಾಲ್ಕು ಗಿಡದ ನೀರು ಹೋಗಿರುತ್ತದೆ.

ತಮ್ಮ ಕಂಠದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ಅಪಚಾರವಾದೀತು. ಅಂಥ ಕಂಠವನ್ನು ನಾನು ಈ ಹಿಂದೆ ಕೇಳಿರಲಿಲ್ಲ. ಉಸಿರು ತೆಗೆದುಕೊಳ್ಳುವುದಿಲ್ಲ, ಏರುವುದಿಲ್ಲ, ಇಳಿಯುವುದಿಲ್ಲ, ಹನ್ನೊಂದು ಸೆಕೆಂಡು ಒಂದೇ ಸ್ವರವನ್ನು ಹಿಡಿದು ನಿಲ್ಲುವ ಆ ಸಾಧನೆ ದೊಡ್ಡ ದೊಡ್ಡ ಗಾಯಕರಿಗೂ ಒಲಿದಿಲ್ಲ. ಒಂದೇ ಕೊರತೆಯೆಂದರೆ, ಆ ಸ್ವರ ನಮ್ಮ ಶ್ರುತಿಗಿಂತ ಅರ್ಧ ಮೇಲಿತ್ತು. ತಾವು ಕೂಗಿ ನಿಲ್ಲಿಸಿದ ಮೇಲೆ ಮಕ್ಕಳು ಮುಂದಿನ ಸಾಲನ್ನು ತಾವು ಕೂಗಿದ ಶ್ರುತಿಯಲ್ಲೇ ಎತ್ತಿಕೊಳ್ಳುತ್ತಿದ್ದರು, ನನ್ನ ಕೀಬೋರ್ಡು ಹಳೆಯ ಶ್ರುತಿಯಲ್ಲೇ ಉಳಿಯುತ್ತಿತ್ತು, ಹಾಡಿನ ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ಮಾತುಕತೆ ನಿಂತುಹೋದ ಅಣ್ಣತಮ್ಮಂದಿರ ಸಂಬಂಧ. ತಾವು ನಮ್ಮ ಶ್ರುತಿಗೆ ಇಳಿಯುವ ಲಕ್ಷಣ ಕಾಣಲಿಲ್ಲ. ಎರಡು ತಿಂಗಳು ಕಾದು, ನಾವೇ ತಮ್ಮ ಶ್ರುತಿಗೆ ಏರಿದೆವು.

ಅದಕ್ಕೂ ಮೊದಲು ನಾನು ಹೋರಾಡಲಿಲ್ಲವೆಂದು ತಾವು ತಿಳಿಯಬಾರದು. ಒಂದು ಗುರುವಾರ ಎಲ್ಲರೂ ಊಟಕ್ಕೆ ಹೋದಾಗ, ಸ್ಟೂಲು ಹತ್ತಿ, ಆಟದ ಕೋಣೆಯಿಂದ ತಂದಿದ್ದ ಹನ್ನೆರಡು ಜೊತೆ ಫುಟ್‌ಬಾಲ್ ಕಾಲುಚೀಲಗಳನ್ನು ತಮ್ಮ ಸುತ್ತ ಸುತ್ತಿ ದಾರದಿಂದ ಬಿಗಿದವಳು ನಾನೇ. ಕೊನೆಯ ಗಂಟು ಹಾಕುವಾಗ ಗಣಿತದ ಮೇಷ್ಟ್ರು ಕೆಳಗೆ ಬಂದು ನಿಂತು, "ಏನ್ ಮೇಡಂ, ಗಂಟೆಗೆ ಚಳಿ ಆಗ್ತಿತ್ತಾ?" ಎಂದು ಕೇಳಿದರು. ನಾನು ಧೂಳು ಹೊಡೆಯುತ್ತಿದ್ದೇನೆಂದು ಹೇಳಿ ಸ್ಟೂಲಿನಿಂದ ಇಳಿದೆ. ಆ ಮಧ್ಯಾಹ್ನ ತಾವು ಮೊದಲು ಗುರುಗುಟ್ಟಿ, ಆಮೇಲೆ ನಡುಗಿ, ಒಂದೊಂದಾಗಿ ಎಲ್ಲ ಕಾಲುಚೀಲಗಳನ್ನೂ ಬಾಗಿಲಲ್ಲಿ ಒಳಬರುತ್ತಿದ್ದ ನನ್ನ ಮೊದಲ ಸಾಲಿನ ಮಕ್ಕಳ ತಲೆಯ ಮೇಲೆ ಉದುರಿಸಿದಿರಿ. ಅವು ಒಗೆದ ಕಾಲುಚೀಲಗಳಾಗಿರಲಿಲ್ಲ.

ತಮ್ಮಿಂದ ಉಪಕಾರವೇ ಆಗಿಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ವರ್ಷದ ನಡುವೆ ಆಡಳಿತ ಮಂಡಳಿಯ ಅಧ್ಯಕ್ಷರು ಬಂದಾಗ ನಮ್ಮ ಆರು ಕೊಳಲುಗಳ ಸ್ವಾಗತ ಗೀತೆಯನ್ನು ತಾವು ಎರಡು ಹೋಳು ಮಾಡಿದ್ದೇನೋ ನಿಜ. ಆದರೆ ಅದಾದ ಮೇಲೆ ಶಿಸ್ತಿನ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿದ ಅಧ್ಯಕ್ಷರು, "ಇನ್ನೊಂದೇ ಒಂದು ವಿಷಯ ಹೇಳಿ ಮುಗಿಸ್ತೀನಿ," ಎಂದು ಐದನೆಯ ಸಲ ಹೇಳಿದ ಕೂಡಲೇ ತಾವು ಕೂಗಿದಿರಿ. ನಾನೂರು ಮಕ್ಕಳು ಶಿಸ್ತಿನಿಂದ ಎದ್ದು ಹೊರಟುಹೋದರು. ಆ ಒಂದು ದಿನ ತಮ್ಮ ಮೇಲೆ ನನಗೆ ಮಮತೆ ಉಕ್ಕಿತ್ತೆಂದು ಬರೆದುಕೊಡುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವರ್ಷದ ಕೊನೆಗೆ ನಗರದ ದೊಡ್ಡ ಸಭಾಂಗಣದಲ್ಲಿ ವಾರ್ಷಿಕೋತ್ಸವ. ಅದಕ್ಕೆಂದು ಒಂದು ಹಾಡು ಸಿದ್ಧಮಾಡಿದ್ದೆವು, ದೋಣಿಯಲ್ಲಿ ಹೊಳೆ ದಾಟುವವರ ಹಾಡು. ಪದಗಳು ನನ್ನವೇ ಆದ್ದರಿಂದ ಹೊಗಳುವುದಿಲ್ಲ. ಎರಡನೆಯ ಚರಣದ ಕೊನೆಗೆ "ಹೊಳೆಯ ಆಚೆ ದಡದಲಿ ಯಾರೋ ನಮ್ಮ ಕರೆದರು" ಎಂದು ಬರುತ್ತದೆ, ಅದರ ಹಿಂದೆಯೇ "ಇಗೋ ಬಂದೆವು, ಇಗೋ ಬಂದೆವು, ಹುಟ್ಟು ಹಾಕಿರಿ ಗೆಳೆಯರೇ" ಎಂದು ಮೂರನೆಯ ಚರಣ ಶುರುವಾಗುತ್ತದೆ. ಮೊದಮೊದಲು ತಾವು ಎಲ್ಲೆಂದರಲ್ಲಿ ನುಗ್ಗುತ್ತಿದ್ದಿರಿ. ಒಮ್ಮೆ "ಹೊಳೆ" ಎಂಬ ಪದದ ನಡುವೆಯೇ ನುಗ್ಗಿ ದೋಣಿಯನ್ನು ಮುಳುಗಿಸಿದಿರಿ. ನಾನು ಸೋತೆ. ಗೋಡೆ ಗಡಿಯಾರ ನೋಡಿಕೊಂಡು ಸರಿಯಾಗಿ ಮೂರು ಎಂಟಕ್ಕೆ ಹಾಡು ಶುರುಮಾಡಿದರೆ, ಮೂರು ಹತ್ತಕ್ಕೆ "ಯಾರೋ ನಮ್ಮ ಕರೆದರು" ಮುಗಿದಿರುತ್ತದೆ, ತಾವು ಕೂಗುವುದು ಸಾಲಿನ ಕೊನೆಗೆ ಬೀಳುತ್ತದೆ, ಪದವಾದರೂ ಉಳಿಯುತ್ತದೆ. ಅಂದಿನಿಂದ ಎಲ್ಲ ಮಂಗಳವಾರ, ಎಲ್ಲ ಗುರುವಾರ ಹಾಗೆಯೇ ನಡೆಯಿತು. ಮೂವತ್ತಾರು ಮಕ್ಕಳು ಬಾಯಿ ಮುಚ್ಚುತ್ತಿದ್ದರು, ನಾನು ಕೈಯೆತ್ತುತ್ತಿದ್ದೆ, ತಾವು ಕೂಗಿ ಮುಗಿಸುತ್ತಿದ್ದಿರಿ, ನಾವು ತಮ್ಮ ಶ್ರುತಿಯಲ್ಲೇ ಮುಂದುವರಿಯುತ್ತಿದ್ದೆವು. ತಿಂಗಳುಗಳು ಉರುಳಿದ ಮೇಲೆ ತಾವು ಕೂಗುತ್ತಿರುವುದು ನನ್ನ ಗಮನಕ್ಕೂ ಬಾರದಾಯಿತು.

ಹೀಗಿರುವಾಗ ಹೆಡ್‌ಮಿಸ್ ನನ್ನನ್ನು ಕರೆದರು. ಮುಂದಿನ ವರ್ಷದ ವೇಳಾಪಟ್ಟಿ ಮೇಜಿನ ಮೇಲಿತ್ತು. ಮಂಗಳವಾರ ಮತ್ತು ಗುರುವಾರದ ಕೊನೆಯ ನಾಲ್ಕು ಚೌಕಗಳಲ್ಲಿ ಪೆನ್ಸಿಲಿನಿಂದ ಗಣಿತ ಎಂದು ಬರೆದಿತ್ತು. "ಮಂಡಳಿಯವರು ಒತ್ತಾಯ ಮಾಡ್ತಿದಾರೆ ಮೇಡಂ. ನಾನೇನು ಈಗಲೇ ಇಲ್ಲ ಅಂತಿಲ್ಲ. ವಾರ್ಷಿಕೋತ್ಸವದಲ್ಲಿ ಹೇಗಾಗುತ್ತೋ ನೋಡೋಣ," ಎಂದರು. ಸಂಗೀತ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಇಡುವ ಯೋಚನೆಯೂ ಇದೆಯೆಂದು ಗುಮಾಸ್ತರಿಂದ ತಿಳಿಯಿತು. ಪೆನ್ಸಿಲಿನ ಬರಹವನ್ನು ಅಳಿಸಬಹುದೆಂಬ ಒಂದೇ ಆಸೆಯನ್ನು ಹಿಡಿದುಕೊಂಡು ನಾನು ಮನೆಗೆ ಹೋದೆ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಒಂದು ಹಾಡಿನ ಮೇಲೆ ತೂಗಿ ನೋಡುತ್ತಾರೆಂದರೆ ಯಾರಿಗೇ ಆದರೂ ಭಯವಾಗುತ್ತದೆ, ನನಗೂ ಆಯಿತು.

ಸಭಾಂಗಣಕ್ಕೆ ಹೋಗುವ ಮೊದಲು ಇನ್ನೊಬ್ಬರನ್ನು ತಮಗೆ ಪರಿಚಯಿಸಬೇಕು. ಮೊದಲ ಸಾಲಿನ ಎಡತುದಿಯಲ್ಲಿ ದಪ್ಪ ಕನ್ನಡಕದ ಒಬ್ಬಳು ಹುಡುಗಿ ನಿಲ್ಲುತ್ತಾಳೆ, ಗಣಿತದ ಮೇಷ್ಟ್ರ ಮಗಳು, ಮಕ್ಕಳ ಬಾಯಲ್ಲಿ ಲೆಕ್ಕದಮ್ಮ. "ವಾರಕ್ಕೆರಡು ದಿನ ಹಾಳಾಗುತ್ತೆ, ಆಗ್ಲಿ ಬಿಡಿ, ಹಟ ಮಾಡ್ತಾಳೆ," ಎಂದು ಅವರಪ್ಪ ಒಲ್ಲದ ಮನಸ್ಸಿನಿಂದ ಕಳಿಸಿಕೊಟ್ಟಿದ್ದರು. ತಾವು ಕೂಗುವಾಗ ಉಳಿದ ಮಕ್ಕಳು ಕಿವಿ ಕೆರೆಯುತ್ತ, ಜಡೆ ಎಳೆಯುತ್ತ ನಿಂತಿದ್ದರೆ, ಇವಳ ಬಲಗೈ ಬೆರಳುಗಳು ಲಂಗದ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು. ನಾನು ಅದನ್ನು ಚಡಪಡಿಕೆ ಎಂದುಕೊಂಡು ಎರಡು ಸಲ ಗದರಿದ್ದೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಂಡಳಿಯವರು, ಅವರ ಹಿಂದೆ ಕೈಕಟ್ಟಿಕೊಂಡು ಗಣಿತದ ಮೇಷ್ಟ್ರು, ಪಕ್ಕದ ಪರದೆಯ ಮರೆಯಲ್ಲಿ ಹೆಡ್‌ಮಿಸ್. ಗಿಡಗಳಿಗೆ ಆ ದಿನ ರಜೆಯಾದ್ದರಿಂದ ವೇದಿಕೆಯ ಪರದೆಯ ಹಗ್ಗ ಎಳೆಯುವ ಕೆಲಸವನ್ನು ಗಂಟೆಯಣ್ಣನಿಗೆ ಕೊಟ್ಟಿದ್ದರು. ಹಾಡು ಶುರುವಾಯಿತು. ಮಕ್ಕಳು ಎಂದಿಗಿಂತ ಚೆನ್ನಾಗಿ ಹಾಡಿದರು, ಮೊದಲ ಚರಣ ಮುಗಿಯಿತು, ಎರಡನೆಯದು ಮುಗಿಯುತ್ತ ಬಂತು, "ಹೊಳೆಯ ಆಚೆ ದಡದಲಿ ಯಾರೋ ನಮ್ಮ ಕರೆದರು" ಎಂದು ಹಾಡಿದವರೇ ಮೂವತ್ತಾರು ಮಕ್ಕಳೂ ಬಾಯಿ ಮುಚ್ಚಿ ನಿಂತುಬಿಟ್ಟರು.

ಮಾನ್ಯರೇ, ನನ್ನ ಮಕ್ಕಳನ್ನು ನಾನು ದೂರುವುದಿಲ್ಲ, ಏಕೆಂದರೆ ನನ್ನ ಎರಡು ಕೈಗಳೂ ಕೀಬೋರ್ಡಿನಿಂದ ತಾವಾಗಿಯೇ ಮೇಲೆದ್ದಿದ್ದವು. ನಾವು ತಮಗಾಗಿ ಕಾಯುತ್ತಿದ್ದೆವು. ತಾವು ಎರಡು ಮೈಲಿ ದೂರದಲ್ಲಿ, ಬೀಗ ಹಾಕಿದ ಶಾಲೆಯ ಗೋಡೆಯ ಮೇಲಿದ್ದಿರಿ. ಇದು ನನಗೆ ಹೊಳೆಯುವಷ್ಟರಲ್ಲಿ ಮೂರು ಸೆಕೆಂಡು ಕಳೆದಿತ್ತು, ಕೈ ಕೆಳಗಿಳಿಸಿ ನುಡಿಸೋಣವೆಂದರೆ ತಮ್ಮ ಕೂಗು ಮುಗಿಯದೆ ಬೆರಳುಗಳು ಒಪ್ಪಲಿಲ್ಲ. ಎಲ್ಲೋ ಹಿಂದೆ ಯಾರೋ ಕೆಮ್ಮಿದರು. ಮಕ್ಕಳು ಹಾಡು ಮರೆತರೆಂದುಕೊಂಡ ಹೆಡ್‌ಮಿಸ್, ಅವರ ಮಾನ ಉಳಿಸಲೆಂದೇ ಇರಬೇಕು, ಗಂಟೆಯಣ್ಣನ ಕಡೆ ಕೈಬೀಸಿ, "ಎಳೀರಿ, ಪರದೆ ಎಳೀರಿ," ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಆ ಪರದೆ ಬಿದ್ದಿದ್ದರೆ ಪೆನ್ಸಿಲಿನ ಬರಹಕ್ಕೆ ಶಾಯಿ ಬೀಳುತ್ತಿತ್ತು, ಕೋಣೆಗೆ ಬೆಂಚುಗಳು ಬರುತ್ತಿದ್ದವು.

ಗಂಟೆಯಣ್ಣ ಹಗ್ಗ ಎಳೆಯಲಿಲ್ಲ. ಹಗ್ಗವನ್ನು ಬೆನ್ನ ಹಿಂದೆ ಹಿಡಿದುಕೊಂಡು, ನನ್ನ ಕಿಟಕಿಯ ಹೊರಗೆ ವರ್ಷಗಟ್ಟಲೆ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನಿಂತರು. ಹೆಡ್‌ಮಿಸ್ ಇನ್ನೊಮ್ಮೆ ಹೇಳಿದರು, ಅವರು ತಲೆಯಲ್ಲಾಡಿಸಿದರು. ಅಷ್ಟರಲ್ಲಿ ನನ್ನ ಕಣ್ಣು ಎಡತುದಿಗೆ ಹೋಯಿತು. ಲೆಕ್ಕದಮ್ಮನ ಬೆರಳುಗಳು ಲಂಗದ ಮೇಲೆ ಬಡಿಯುತ್ತಿದ್ದವು. ಉಳಿದ ಮೂವತ್ತೈದು ಜೋಡಿ ಕಣ್ಣುಗಳೂ ಓರೆಯಾಗಿ ಆ ಬೆರಳುಗಳನ್ನೇ ನೋಡುತ್ತಿದ್ದವು. ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಬೆರಳು ನಿಂತಿತು. ಇಡೀ ಮೇಳ ಒಂದೇ ಉಸಿರಿಗೆ, ಕೂದಲೆಳೆಯಷ್ಟೂ ಅಪಶ್ರುತಿ ಇಲ್ಲದೆ, "ಇಗೋ ಬಂದೆವು," ಎಂದು ಎತ್ತಿಕೊಂಡಿತು.

ಸಭೆ ಎದ್ದು ನಿಂತಿತು. ಶಿಸ್ತಿನ ಅಧ್ಯಕ್ಷರು ಕರವಸ್ತ್ರ ಹುಡುಕಿದರು. ಆಚೆ ದಡದಿಂದ ಕರೆ ಕೇಳಿದ ಮೇಲೆ ಆ ಮಕ್ಕಳು ಕಿವಿಗೊಟ್ಟು ನಿಂತ ಪರಿಯೇ ಪರಿ, ಅಂಥ ಮೌನವನ್ನು ಸಂಯೋಜಿಸಲು ಎದೆಗಾರಿಕೆ ಬೇಕು ಎಂದು ಮುಖ್ಯ ಅತಿಥಿಗಳು ಮೈಕಿನಲ್ಲಿ ಹೇಳಿದರು. ಹೆಡ್‌ಮಿಸ್ ನನ್ನ ಕೈ ಹಿಡಿದು, "ಆ ಮೌನ ಯಾರ ಐಡಿಯಾ ಮೇಡಂ?" ಎಂದರು. ನಾನು ತಲೆತಗ್ಗಿಸಿ, "ನಂದೇ ಮೇಡಂ," ಎಂದೆ. ವಿಷಯದ ಸಾಲಿನಲ್ಲಿ ಹೇಳಿದ ತಪ್ಪೊಪ್ಪಿಗೆ ಇದೇ. ಆ ಮೌನ ತಮ್ಮ ಆಕಾರಕ್ಕೆ ಕತ್ತರಿಸಿದ ಮೌನ, ತಾವಿಲ್ಲದ ಜಾಗವನ್ನು ನಾವು ತಮ್ಮ ಅಳತೆಗೇ ಬಿಟ್ಟಿದ್ದೆವು, ಹೊಗಳಿಕೆ ಮಾತ್ರ ಪೂರ್ತಿ ನಾನೇ ತೆಗೆದುಕೊಂಡೆ. ಅಂದಿನಿಂದ ತಮ್ಮ ಕೆಳಗೆ ಹಾದುಹೋಗುವಾಗ ನನಗೆ ತಲೆಯೆತ್ತಲು ಸಂಕೋಚವಾಗುತ್ತದೆ.

ವೇದಿಕೆಯ ಹಿಂದೆ ಗಣಿತದ ಮೇಷ್ಟ್ರು ಮಗಳನ್ನು, "ಎಲ್ಲರೂ ಒಟ್ಟಿಗೆ ಹೇಗಮ್ಮ ಶುರು ಮಾಡಿದ್ರಿ?" ಎಂದು ಕೇಳಿದರು. "ಎಣಿಸ್ದೆ ಅಪ್ಪ. ಹನ್ನೊಂದು," ಎಂದಳು ಅವಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಗಂಟೆಯಣ್ಣನಿಗೆ ನಾನು ಇಪ್ಪತ್ತೆರಡು ವರ್ಷದ ಥ್ಯಾಂಕ್ಸನ್ನು ಒಟ್ಟಿಗೇ ಹೇಳಿದೆ. "ಹಾಡು ಮುಗ್ದಿರ್ಲಿಲ್ಲ ಅಲ್ವಾ ಮೇಡಂ, ಹೇಗೆ ಎಳೆಯೋದು?" ಎಂದು ಅವರು ಹಗ್ಗ ಸುತ್ತಿಡತೊಡಗಿದರು. ಮರುವಾರ ವೇಳಾಪಟ್ಟಿಯ ನಾಲ್ಕು ಚೌಕಗಳಲ್ಲಿ ರಬ್ಬರಿನ ಗುರುತು ಕಂಡಿತು, ಅದರ ಮೇಲೆ ಸಂಗೀತ ಎಂದು ಪೆನ್ನಿನಲ್ಲಿ ಬರೆದಿತ್ತು. ಅಳಿಸಿದ್ದು ಗಣಿತದ ಮೇಷ್ಟ್ರೇ ಎಂದು ಗುಮಾಸ್ತರು ಹೇಳಿದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಬಹಳವಿಲ್ಲ. ಕೂಗುವ ಮೊದಲು ದಯವಿಟ್ಟು ಒಮ್ಮೆ ಗೋಡೆಯಿಂದ ಇಳಿದು ಕಿಟಕಿಯಲ್ಲಿ ಇಣುಕಬೇಕು. ನಮಗೆ ನೆಗಡಿಯಾದ ದಿನ ತಾವೂ ಅರ್ಧ ಶ್ರುತಿ ಕೆಳಗಿಳಿದು ಸಹಕರಿಸಬೇಕು. ಗಂಟೆಯಣ್ಣ ನೀರು ಹಾಕುವ ಹೊತ್ತಿನಲ್ಲಿ ಕೂಗಿ ಗಿಡಗಳನ್ನು ಕೊಳೆಸಬಾರದು, ಸಾಧ್ಯವಾದರೆ ಅವರಿಂದ ಕಾಯುವ ಪಾಠವನ್ನು ಕಲಿಯಬೇಕು; ಅವರು ಶುಲ್ಕ ಕೇಳುವವರಲ್ಲ. ಆ ಹನ್ನೆರಡು ಜೊತೆ ಕಾಲುಚೀಲಗಳ ವಿಷಯವನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇನ್ನು ಒಂದು ಸುದ್ದಿ, ತಮಗೆ ನೋವಾಗಬಹುದು. ಸಂಗೀತದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ ಮಂಡಳಿಯವರು ತಮ್ಮ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿ, ಗಂಟಲನ್ನು ಮಾತ್ರ ಬದಲಾಯಿಸಲು ತೀರ್ಮಾನಿಸಿದ್ದಾರೆ. ಇನ್ನು ಮುಂದೆ ತಮ್ಮ ಬಾಯಲ್ಲಿ ನಮ್ಮದೇ ಹಾಡು ಬರುತ್ತದೆ. ಹನ್ನೊಂದು ಸೆಕೆಂಡಿಗಿಂತ ಹೆಚ್ಚು ತಮ್ಮಲ್ಲಿ ಹಿಡಿಯುವುದಿಲ್ಲವೆಂದು ಎಲೆಕ್ಟ್ರಿಷಿಯನ್ನರು ಹೇಳಿದ್ದರಿಂದ, "ಹೊಳೆಯ ಆಚೆ ದಡದಲಿ ಯಾರೋ ನಮ್ಮ ಕರೆದರು" ಎಂಬಲ್ಲಿಗೆ ಕತ್ತರಿಸಿ ತುಂಬಿದ್ದಾರೆ. ತಮ್ಮ ಹಳೆಯ ಕೂಗನ್ನು ನಾನು ಇಷ್ಟಪಟ್ಟಿದ್ದೆನೆಂದು ಹೇಳಲಾರೆ, ಆದರೆ ಮೊನ್ನೆ ಅದನ್ನು ಕೊನೆಯ ಸಲ ಕೇಳಿದಾಗ ಕೈ ತಾನಾಗಿ ಮೇಲೆದ್ದಿತು.

ಇಂತಿ,
ದಿನಕ್ಕೆ ಎಂಬತ್ತೆಂಟು ಸೆಕೆಂಡು ಬಿಟ್ಟು ಉಳಿದೆಲ್ಲ ಹೊತ್ತು ತಮ್ಮ ವಿಶ್ವಾಸಿ,
ಬಾಗಿಲ ಕೆಳಗಿನ ಸಂಗೀತದ ಟೀಚರ್

ಮರೆತ ಮಾತು: ತಮ್ಮ ಹೊಸ ಗಂಟಲನ್ನು ಸೋಮವಾರ ಪರೀಕ್ಷೆಗೆಂದು ಬಾರಿಸಿದರು. "ಯಾರೋ ನಮ್ಮ ಕರೆದರು" ಎಂದು ತಾವು ನಿಲ್ಲಿಸಿದಾಗ ಗಣಿತದ ಮೇಷ್ಟ್ರು ಸೀಮೆಸುಣ್ಣ ಎತ್ತಿ ಲೆಕ್ಕ ಬರೆಯಲು ತಿರುಗಿದ್ದರಂತೆ. ಆದರೆ ಮೊದಲ ಬೆಂಚಿನಲ್ಲಿ ಮಗಳ ಬೆರಳು ಬಡಿಯುತ್ತಿರುವುದನ್ನು ನೋಡಿ, ಸೀಮೆಸುಣ್ಣವನ್ನು ಬೆನ್ನ ಹಿಂದೆ ಹಿಡಿದು ನಿಂತರಂತೆ. ಹನ್ನೊಂದು ಸೆಕೆಂಡಾದ ಮೇಲೆ ಆರು ತರಗತಿಗಳಿಂದ ಒಟ್ಟಿಗೇ "ಇಗೋ ಬಂದೆವು" ಕೇಳಿಸಿತು. ಆ ಸಂಜೆ ಮೇಷ್ಟ್ರೇ ಬಂದು ಲೆಕ್ಕ ಒಪ್ಪಿಸಿದರು: ದಿನಕ್ಕೆ ಎಂಟು ಸಲ ಹೀಗೆ ಕಾದರೆ ಎಂಬತ್ತೆಂಟು ಸೆಕೆಂಡು ಹೋಗುತ್ತದೆ, ಗಂಟೆಯಣ್ಣನ ಎರಡು ನಿಮಿಷಕ್ಕೆ ಇನ್ನು ಮೂವತ್ತೆರಡೇ ಕಡಿಮೆ. ಆ ಮೂವತ್ತೆರಡನ್ನು ಎಲ್ಲಿಂದ ತರುವುದೆಂದು ತಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಾಡಿಗೆ ಇನ್ನೂ ಎರಡು ಚರಣಗಳಿವೆ.